ಶಾಂತಾಬಾಯಿ ಖಾನಾಪುರಕ್ಕೆ ಫೋನ್ ಮಾಡುವುದಿಲ್ಲ

ಬೆಳಗಾವಿಯ ಅಂಚಿನ ಪೀರನವಾಡಿ ನಾಕಾದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಹಾದಂಗಡಿಯ ಶೆಟರ್ ಅರ್ಧ ಎದ್ದಿದೆ. ಹಾಲಿನ ಟೆಂಪೊ ಸದ್ದು ಮಾಡುತ್ತ ಕ್ಯಾನುಗಳನ್ನು ಇಳಿಸಿ ಹೋಗಿದೆ. ಜಿಟಿಜಿಟಿ ಮಳೆ. ಬಸ್ಸಿಗೆ ಕಾಯುವವರೆಲ್ಲ ಸೂರಿನ ಕೆಳಗೆ ಗುಂಪುಗೂಡಿದ್ದರೆ, ಶಾಂತಾಬಾಯಿ ಮಾತ್ರ ಒಂದು ತುದಿಯಲ್ಲಿ ಬಿಳಿ ಥರ್ಮಾಕೋಲ್ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದಾರೆ. ಡಬ್ಬಿಯಲ್ಲಿ ಈಗ ಮಂಜುಗಡ್ಡೆಯಷ್ಟೇ ಇದೆ. ಮರಳಿ ಬರುವಾಗ ಅದರಲ್ಲಿ ಹಂದಿಯ ಕಿವಿಗಳಿರಬಹುದು, ಇಲ್ಲವೇ ಬರೀ ಕರಗಿದ ನೀರಿರಬಹುದು. ಯಾವುದೆಂದು ಅವರಿಗೂ ಗೊತ್ತಿಲ್ಲ.

ತಿಳಿದುಕೊಳ್ಳುವುದು ಕಷ್ಟವೇನಲ್ಲ. ಅವರ ಹತ್ತಿರ ಫೋನಿದೆ. ಖಾನಾಪುರದಲ್ಲಿ ಹಂದಿ ಮಾಂಸದ ಅಂಗಡಿ ಇಟ್ಟಿರುವ ಇನಾಸನ ಹತ್ತಿರವೂ ಫೋನಿದೆ. ಇವತ್ತು ಕಡಿದಿದ್ದೀಯೇನಪ್ಪಾ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಕಳೆದ ವರ್ಷದ ಶ್ರಾವಣದಿಂದ ಶಾಂತಾಬಾಯಿ ಆ ಮಾತನ್ನು ಕೇಳುತ್ತಿಲ್ಲ. ಇನಾಸ ಕಡಿದಿದ್ದರೆ ಕಿವಿ ತರುತ್ತಾರೆ, ಕಡಿಯದಿದ್ದರೆ ಅದೇ ಬಸ್ಸಿನಲ್ಲಿ ಬರಿಗೈಯಲ್ಲಿ ವಾಪಸು. ಅವರು ಕೆಲಸ ಮಾಡುವ ಕಾಲೇಜಿನಲ್ಲಿ ಕೆಲವರು ಇದನ್ನು ಹಟ ಎನ್ನುತ್ತಾರೆ, ಕೆಲವರು ವಯಸ್ಸಾಯಿತು ಎನ್ನುತ್ತಾರೆ. ಬಾಯಿ ಯಾರಿಗೂ ಕಾರಣ ಹೇಳಲು ಹೋಗಿಲ್ಲ.

ಐವತ್ತು ದಾಟಿದ ಈ ಹೆಂಗಸು ಬೆಳಗಾವಿಯ ಒಂದು ಔಷಧಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಜೈನ ಮನೆತನದವರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ, ಗಡ್ಡೆ ಗೆಣಸು ಮುಟ್ಟದ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಮನೆ. ಆ ಮನೆಯಿಂದ ಎದ್ದು ಬಂದು ಹಂದಿಯ ಕಿವಿ ಕೈಯಲ್ಲಿ ಹಿಡಿಯುವ ಕೆಲಸ ಮಾಡುತ್ತಾರೆ.

ಇನಾಸನ ಅಂಗಡಿ ಊರಿಂದ ತುಸು ಹೊರಗೆ, ಮಲಪ್ರಭೆಯ ಹತ್ತಿರ. ತಗಡಿನ ಸೂರು, ಹಿಂದೊಂದು ಗೋಡೆ, ಗೋಡೆಯಾಚೆ ಕಡಿಯುವ ಜಾಗ. ಶಾಂತಾಬಾಯಿ ಅಲ್ಲಿಗೆ ಕಾಲಿಡುವುದಿಲ್ಲ. ರಸ್ತೆಯ ಬದಿಯಲ್ಲಿ ಅಂಗಡಿಗೆ ಬೆನ್ನು ಮಾಡಿ, ಕೊಡೆ ಹಿಡಿದು, ತುಟಿಯಲ್ಲೇ ಣಮೋಕಾರ ಮಂತ್ರ ಹೇಳುತ್ತ ನಿಲ್ಲುತ್ತಾರೆ. ಇವತ್ತು ಅದೃಷ್ಟವಿದೆ. ಗೋವೆಯ ಕಡೆಯ ಹೋಟೆಲೊಂದರಿಂದ ಬೇಡಿಕೆ ಬಂದು ಇನಾಸ ಬೆಳಕು ಹರಿಯುವ ಮೊದಲೇ ಕೆಲಸ ಶುರು ಮಾಡಿದ್ದಾನೆ.

"ಬಾ ಮಾವಶಿ. ಇನ್ನಾ ನೀರ ಮುಟ್ಟಿಸಿಲ್ಲ."

"ಖರೇನೋ ತಮ್ಮಾ?"

"ದೇವರಾಣಿ. ಕೂದಲ ಮುಟ್ಟಿ ನೋಡ, ಹೆಂಗಿದ್ವು ಹಂಗ ಅದಾವ."

ಈ ನೀರಿನ ಮಾತು ಇಲ್ಲಿ ಬಹಳ ಮುಖ್ಯ. ಹಂದಿಯನ್ನು ಕಡಿದ ಮೇಲೆ ಕೂದಲು ಹೆರೆದು ತೆಗೆಯಲು ಮೈಮೇಲೆ ಕುದಿನೀರು ಸುರಿಯುತ್ತಾರೆ. ಆ ನೀರು ಬಿದ್ದ ಕಿವಿ ನೋಡಲು ಸ್ವಚ್ಛ, ಪ್ರಯೋಗಾಲಯಕ್ಕೆ ಮಾತ್ರ ಕಸ. ನಮ್ಮ ನಿಮ್ಮ ಚರ್ಮದ ತೀರಾ ಮೇಲೊಂದು ತೆಳ್ಳನೆಯ ಪದರವಿದೆ. ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತು, ಅವುಗಳ ಸಂದಿನಲ್ಲಿ ಜಿಡ್ಡು ತುಂಬಿಕೊಂಡು ಆದ ಪದರ. ಹೊರಗಿನದನ್ನು ಹೊರಗೇ, ಒಳಗಿನದನ್ನು ಒಳಗೇ ಇಡುವ ಕೆಲಸ ಅದರದ್ದು. ಕುದಿನೀರು ಬಿದ್ದರೆ ಆ ಕಟ್ಟು ಸಡಿಲವಾಗುತ್ತದೆ. ಹಾಗಾಗಿ ಇನಾಸ ಎಲ್ಲಕ್ಕಿಂತ ಮೊದಲು ಕಿವಿ ಕತ್ತರಿಸಿ ಬೇರೆ ಇಡುತ್ತಾನೆ. ಶಾಂತಾಬಾಯಿ ಬಿರುಸು ಕೂದಲನ್ನು ಬೆರಳಿನಿಂದ ಸವರಿ ನೋಡಿ, ಕಿವಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಂಜುಗಡ್ಡೆಯ ಮೇಲೆ ಮಲಗಿಸುತ್ತಾರೆ. ಯಾವುದೋ ಕೂಸನ್ನು ಮಲಗಿಸುವಷ್ಟು ಮೆಲ್ಲಗೆ.

ವಾಪಸು ಬರುವ ಬಸ್ಸಿನಲ್ಲಿ ಅವರದು ಯಾವಾಗಲೂ ಹಿಂದಿನ ಸೀಟು. "ಏನ್ ಬಾಯಾರ, ಮೀನೇನ್ರಿ?" ಎಂದು ಕಂಡಕ್ಟರ್ ಕೇಳುತ್ತಾನೆ. "ಕಾಲೇಜಿನ ಸಾಮಾನ ಐತ್ರಿ" ಎನ್ನುತ್ತಾರೆ. ಸುಳ್ಳಲ್ಲ. ಪೂರ್ತಿ ಹೇಳಿದರೆ ಬಾಜೂಕ್ಕೆ ಕೂತವರು ಎದ್ದು ಹೋಗುತ್ತಾರೆಂದು ಒಂದೆರಡು ಸಲ ಪೆಟ್ಟು ತಿಂದು ಕಲಿತಿದ್ದಾರೆ.

ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸಾಕ್ಷಿ ಕಾಯುತ್ತಿರುತ್ತಾಳೆ. ಅವಳ ಮೇಜಿನ ಮೇಲೆ ತೆಳು ಬೆಲ್ಲದ ನೀರಿನ ಬಣ್ಣದ ದ್ರವ ತುಂಬಿದ ಒಂದು ಬಾಟಲಿ. ಅದರಲ್ಲಿರುವುದು ಬೆಳ್ಳಿ. ಕೊಲ್ಹಾಪುರದ ಕಾಲ್ಗೆಜ್ಜೆಯ ಬೆಳ್ಳಿಯೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆದದ್ದು. ಈ ಕಣಗಳು ಕ್ರಿಮಿಗಳನ್ನು ಕೊಲ್ಲುತ್ತವೆ. ಅದಕ್ಕೆಂದೇ ಸುಟ್ಟ ಗಾಯದ ಪಟ್ಟಿಯಿಂದ ಹಿಡಿದು ಕಾಲುಚೀಲ, ಮುಖಕ್ಕೆ ಹಚ್ಚುವ ಕ್ರೀಮಿನ ತನಕ ಈಗ ಎಲ್ಲದರಲ್ಲೂ ಬೆಳ್ಳಿ ಸೇರುತ್ತಿದೆ. ಹಚ್ಚಿದ ಬೆಳ್ಳಿ ಚರ್ಮದ ಮೇಲೆ ನಿಲ್ಲುತ್ತದೆಯೋ ಅಥವಾ ಒಳಗಿಳಿದು ರಕ್ತ ಸೇರುತ್ತದೆಯೋ ಎಂಬುದು ಸಾಕ್ಷಿಯ ಪ್ರಶ್ನೆ. ಮನುಷ್ಯರ ಚರ್ಮ ಬೇಕೆಂದಾಗ ಸಿಗುವುದಿಲ್ಲ. ಅದಕ್ಕೆ ಬಹಳ ಹತ್ತಿರದ್ದು ಹಂದಿಯ ಕಿವಿಯ ಚರ್ಮ. ಮನುಷ್ಯರ ಜಂಬಕ್ಕೆ ಇದು ತುಸು ಚುರುಕು ಮುಟ್ಟಿಸುವ ಸಂಗತಿಯೇ ಸರಿ.

ಶಾಂತಾಬಾಯಿ ಗ್ಲವ್ಸ್ ತೊಟ್ಟು ಕಿವಿ ತೊಳೆದು, ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಿ, ಬ್ಲೇಡಿನಿಂದ ಚರ್ಮವನ್ನು ಒಳಗಿನ ಮೃದು ಎಲುಬಿನಿಂದ ಬಿಡಿಸುತ್ತಾರೆ. ಎಲ್ಲೂ ಗೀರು ಬೀಳಬಾರದು, ಎಲ್ಲೂ ಕೊಬ್ಬು ಉಳಿಯಬಾರದು. "ನೆನಿಸಿದ ಹೆಸರಕಾಳಿನ ಸಿಪ್ಪಿ ತಗದಂಗ್ರಿ. ಅವಸರ ಮಾಡಿದ್ರ ಹರೀತೈತಿ" ಎನ್ನುತ್ತಾರೆ. ಬಿಡಿಸಿದ ಚರ್ಮವನ್ನು ದುಂಡಗೆ ಕತ್ತರಿಸಿ ಗಾಜಿನ ಎರಡು ಅರ್ಧಗಳ ನಡುವೆ ಇಟ್ಟು ಬಿಗಿಯುತ್ತಾರೆ. ಮೇಲಿನ ಗಾಜಿನಲ್ಲಿ ಬೆಳ್ಳಿಯ ದ್ರವ, ಕೆಳಗಿನದರಲ್ಲಿ ಉಪ್ಪುನೀರು. ಚರ್ಮ ದಾಟಿ ಬೆಳ್ಳಿ ಕೆಳಗೆ ಬಂತೋ ಇಲ್ಲವೋ ಎಂದು ಸಾಕ್ಷಿ ಆ ಉಪ್ಪುನೀರನ್ನು ತೆಗೆದು ತೆಗೆದು ಪರೀಕ್ಷಿಸುತ್ತಾಳೆ.

"ಬರೇ ಜಿಡ್ಡಿನ ಒಂದು ಪೊರೆ ಮಾಡಿ ಅದರ ಮ್ಯಾಲ ಈ ಕಣ ಬಿಟ್ರ, ಹೋಗಿ ಅಂಟಿಕೊಂತಾವ. ಕೆಲವೊಂದು ಪೊರೀಗೆ ತೂತೂ ಬೀಳಸ್ತಾವ" ಎಂದು ಸಾಕ್ಷಿ ವಿವರಿಸುತ್ತಾಳೆ. "ಆದ್ರ ಖರೇ ತೊಗಲಿನ್ಯಾಗ ಅಂಥಾ ಪೊರಿ ಒಂದರ ಮ್ಯಾಲೊಂದು ಭಾಳ ಇರ್ತಾವ. ತೊಗಲು ಗಟ್ಟಿ ಇದ್ರ ಬೆಳ್ಳಿ ಮ್ಯಾಲಿನ ಪದರದಾಗಽ ಸಿಕ್ಕೊಂಡು ಕುಂದರತೈತಿ. ನಮ್ಮ ಶಾಂತಾ ಕಾಕು ತೊಗಲು ಚೊಲೋ ಬಿಡಿಸಿ ಕೊಟ್ರನಽ ಇದೆಲ್ಲಾ ಕಾಣೂದು." ಟಿವಿಯ ಜಾಹೀರಾತಿನಲ್ಲಿ ಕ್ರೀಮುಗಳು ಚರ್ಮದ ಆಳಕ್ಕೆ ಸಲೀಸಾಗಿ ಇಳಿಯುತ್ತವೆ. ಚರ್ಮಕ್ಕೆ ಟಿವಿ ನೋಡುವ ಅಭ್ಯಾಸವಿಲ್ಲದ್ದರಿಂದ ಅದು ತನ್ನ ಪಾಡಿಗೆ ತಾನು ತಡೆಯುತ್ತ ಕೂತಿದೆ.

ಈ ಕೆಲಸಕ್ಕೆ ಜೈನರ ಮನೆಯ ಹೆಣ್ಣುಮಗಳು ಯಾಕೆ ಬಂದಳು ಎಂದು ಯಾರಿಗಾದರೂ ಅನಿಸುತ್ತದೆ. ಗಂಡ ಬಾಪುಸಾಹೇಬ ಇದೇ ಕಾಲೇಜಿನಲ್ಲಿ ಪ್ಯೂನ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಶಾಂತಾಬಾಯಿಗೆ ಕೆಲಸ ಸಿಕ್ಕಿತು. ಮಕ್ಕಳಿಲ್ಲ. ಮೊದಲಿಗೆ ಗಾಜಿನ ಸಾಮಾನು ತೊಳೆಯುವುದು, ಜೊತೆಗೆ ಹಿಂದಿನ ಕೋಣೆಯ ಮೊಲಗಳಿಗೆ ಸೊಪ್ಪು ಹಾಕುವುದು. ಆಗ ಹೊಸ ಮುಲಾಮುಗಳನ್ನು ಮೊಲಗಳ ಬೆನ್ನು ಬೋಳಿಸಿ ಹಚ್ಚಿ ನೋಡುತ್ತಿದ್ದರು. ಕೆಲಸ ಮುಗಿದ ಮೊಲ ಮತ್ತೆ ಗೂಡಿಗೆ ಬರುತ್ತಿರಲಿಲ್ಲ.

"ಯಾವುದಕ್ಕೂ ಹೆಸರಿಡಬಾರದು ಅಂತ ಗಟ್ಟಿ ಮನಸ ಮಾಡಿದ್ದೇನ್ರಿ. ಆದ್ರ ಒಂದು ಇತ್ತು, ಸೊಪ್ಪ ಹಾಕಾಕ ಹ್ವಾದ್ರ ಸೆರಗ ಹಿಡದ ಜಗ್ಗತಿತ್ತು" ಎಂದು ಅಷ್ಟಕ್ಕೇ ನಿಲ್ಲಿಸುತ್ತಾರೆ. ಆ ಮೊಲ ಏನಾಯಿತೆಂದು ಕೇಳುವ ಧೈರ್ಯ ಬರುವುದಿಲ್ಲ.

ಮುಂದೆ ಪ್ರೊಫೆಸರರು, ಹಂದಿಯ ಕಿವಿ ಸಿಕ್ಕರೆ ಮೊಲಗಳನ್ನು ಬಿಡಬಹುದು ಎಂದರು. ಮಾಂಸ ತಿನ್ನುವ ಅಟೆಂಡರುಗಳೂ ಮುಖ ಸಿಂಡರಿಸಿದರು. ಶಾಂತಾಬಾಯಿ ಎದ್ದು ನಿಂತು, ನಾನು ಮಾಡುತ್ತೇನೆ ಎಂದರು. ಅವರ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ತಿನ್ನುವವರಿಗಾಗಿ ಕಡಿದ ಪ್ರಾಣಿ, ನಾಯಿಗಳ ಪಾಲಾಗುವ ಕಿವಿ. ಅದನ್ನು ತಂದರೆ ಹೊಸದಾಗಿ ಒಂದು ಜೀವ ಹೋಗುವುದಿಲ್ಲ, ಮೊಲದ ಜೀವ ಉಳಿಯುತ್ತದೆ. ಮೊದಲ ಸಲ ಕಿವಿ ಮುಟ್ಟಿದ ಮೇಲೆ ಎಷ್ಟೋ ದಿನ ಅವರಿಗೆ ಊಟ ಸೇರಲಿಲ್ಲ. ಮೊಲದ ಗೂಡುಗಳಲ್ಲಿ ಈಗ ಖಾಲಿ ಬಾಟಲಿಗಳಿವೆ.

ಮೊಲಗಳು ಉಳಿದವು, ಬಾಯಿ ಒಂಟಿಯಾದರು. ಮಧ್ಯಾಹ್ನ ಉಳಿದವರೆಲ್ಲ ಡಬ್ಬಿ ಬಿಚ್ಚಿ ರೊಟ್ಟಿ, ಚಟ್ನಿ ಹಂಚಿಕೊಳ್ಳುವಾಗ ಇವರು ಕಟ್ಟಡದ ಹಿಂದಿನ ಮೆಟ್ಟಿಲಲ್ಲಿ ಕೂತು ಉಣ್ಣುತ್ತಾರೆ. ಅಲ್ಲಿಗೆ ಹೋಗೆಂದು ಯಾರೂ ಕಳಿಸಿಲ್ಲ. ಆದರೆ ಬಾಯಿ ಕೊಟ್ಟ ಉಪ್ಪಿನಕಾಯಿ ಯಾರ ತಟ್ಟೆಯಲ್ಲೂ ಖಾಲಿಯಾಗುತ್ತಿರಲಿಲ್ಲ. ಅಷ್ಟು ಅರ್ಥವಾಗಲು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲವಲ್ಲ. ಮನೆಯಲ್ಲೂ ಹಾಗೆಯೇ. ಪೀರನವಾಡಿಯ ಆ ಮನೆಯ ಇನ್ನರ್ಧದಲ್ಲಿ ಮೈದುನನ ಹೆಂಡತಿ ಕಾಂತಾ ಇರುತ್ತಾರೆ. ಅಂಗಳ ಒಂದೇ, ಹೊರಬಾಗಿಲು ಒಂದೇ. ಶಾಂತಾಬಾಯಿ ಕಾಂತಾರ ನೀರಿನ ಕೊಡ ಮುಟ್ಟುವುದಿಲ್ಲ, ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಸಂಜೆ ಬೆಳಕಿರುವಾಗಲೇ ಒಬ್ಬರೇ ಉಂಡು, ಒಬ್ಬರೇ ತಟ್ಟೆ ತೊಳೆದಿಡುತ್ತಾರೆ.

"ನಾವ್ಯಾರೂ ಏನೂ ಅಂದಿಲ್ರಿ. ನಮ್ಮ ಅಕ್ಕಾರು ತಮಗ ತಾವಽ ಬಹಿಷ್ಕಾರ ಹಾಕ್ಕೊಂಡಾರ" ಎಂದು ಕಾಂತಾ ನಗುತ್ತಾರೆ. ನಗುವಾಗ ಕಣ್ಣುಗಳು ಮಾತ್ರ ಬೇರೆ ಕಡೆ ನೋಡುತ್ತವೆ.

ಈ ಒಂಟಿತನ ಚುಚ್ಚುವುದು ಮಳೆಗಾಲದಲ್ಲಿ, ಚಾತುರ್ಮಾಸ ಬಂದಾಗ. ಜೈನ ಮುನಿಗಳು, ಮಾತಾಜಿ ಎಂದು ಕರೆಯುವ ಸನ್ಯಾಸಿನಿಯರು ಆ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ದಿನಕ್ಕೊಂದೇ ಹೊತ್ತು ಆಹಾರ. ಅದಕ್ಕಾಗಿ ಬೆಳಿಗ್ಗೆ ಮೌನವಾಗಿ ಬೀದಿಯಲ್ಲಿ ನಡೆದು ಬರುತ್ತಾರೆ. ಮನೆಮನೆಯವರು ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಅದು ಆ ಮನೆಯ ಪುಣ್ಯ. ಕರೆಯುವವರು ಗಟ್ಟಿಯಾಗಿ ಹೇಳಬೇಕಾದ ಮೂರು ಮಾತುಗಳಿವೆ: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಮನಸ್ಸು, ಮಾತು, ಮೈ ಮೂರೂ ಶುದ್ಧವಾಗಿವೆ ಎಂದು ಹೇಳಿಯೇ ಆಹಾರ ನೀಡಬೇಕು. ಮದುವೆಯಾಗಿ ಬಂದ ವರ್ಷದಿಂದ ಶಾಂತಾಬಾಯಿ ಗಂಡನ ಪಕ್ಕ ನಿಂತು ಆ ಮಾತು ಹೇಳಿದವರು. ಕಿವಿ ಮುಟ್ಟಿದ ಮೇಲೆ ನಿಲ್ಲಲಿಲ್ಲ. ಕಾಯಶುದ್ಧಿ ಎಂದು ಯಾವ ಬಾಯಿಂದ ಹೇಳುವುದು? ಕಾಂತಾ ಬಾಗಿಲಲ್ಲಿ ನಿಂತಾಗ ಇವರು ಮುಂಜಾನೆಯೇ ಅಂಗಳ ಗುಡಿಸಿ, ರಂಗೋಲಿ ಹಾಕಿ, ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಮತ್ತೊಮ್ಮೆ ಆ ಬಾಗಿಲಲ್ಲಿ ನಿಲ್ಲಬೇಕೆಂಬುದೊಂದೇ ಅವರ ಆಸೆ. ಅದಕ್ಕೆ ಆಧಾರವಾಗಿ ಇದ್ದದ್ದು ಒಂದೇ ಒಂದು ಸಮಾಧಾನ, ತನಗಾಗಿ ಯಾವ ಜೀವವೂ ಹೋಗಿಲ್ಲ ಎಂಬುದು.

ಕಳೆದ ಶ್ರಾವಣದಲ್ಲಿ ಅದೂ ಹೋಯಿತು.

ಶುರುವಾದದ್ದು ಒಂದು ಒಳ್ಳೆಯತನದಿಂದ. ಮಾವಶಿ ಗಂಟೆಗಟ್ಟಲೆ ಕೂತು ಹಂದಿಯ ಕೂದಲು ಕತ್ತರಿಸುತ್ತಾಳೆಂದು ಇನಾಸನಿಗೆ ಕನಿಕರ. ಒಂದು ದಿನ ಕಿವಿಗಳಿಗೂ ಕುದಿನೀರು ಹಾಕಿ, ನುಣ್ಣಗೆ ಹೆರೆದು, ಬಟ್ಟೆಯಿಂದ ಒರೆಸಿ ಕೊಟ್ಟ. ನಿಯಮ ಶಾಂತಾಬಾಯಿಗೆ ಗೊತ್ತಿತ್ತು. ಆದರೆ ಅವನ ಮುಖದ ಸಂತೋಷ ನೋಡಿ ಬೇಡ ಎನ್ನಲಾಗಲಿಲ್ಲ. "ಮ್ಯಾಲಿನ ಕೂದಲಷ್ಟ ಹೋಗ್ಯಾವ, ಏನಾಗತೈತಿ ಬಿಡು ಅಂತ ತಂದೆ. ಯಾರೂ ನನ್ನ ಸಲುವಾಗಿ ಏನಾರ ಮಾಡಿ ಭಾಳ ವರ್ಷ ಆಗಿತ್ರಿ" ಎನ್ನುತ್ತಾರೆ.

ಆ ಚರ್ಮದಲ್ಲಿ ಬೆಳ್ಳಿ ಧಾರಾಳವಾಗಿ ಕೆಳಗಿಳಿಯಿತು. ಸಾಕ್ಷಿಗೆ ಗಾಬರಿ. ಇದು ನಿಜವಾದರೆ ಗಾಯದ ಪಟ್ಟಿಗಳ ಮೇಲೇ ಅನುಮಾನ ಬರುತ್ತಿತ್ತು. ಪ್ರೊಫೆಸರರು ಉಳಿದ ಚರ್ಮದ ತುಂಡುಗಳನ್ನು ಪರೀಕ್ಷಿಸಿ, ಇವುಗಳ ತಡೆಯೇ ಒಡೆದಿದೆ, ಬಿಸಿನೀರು ಬಿದ್ದಿತ್ತೇ ಎಂದು ಕೇಳಿದರು. ಶಾಂತಾಬಾಯಿ ಹೌದೆಂದರು. ಯಾರೂ ಬೈಯಲಿಲ್ಲ. ಆದರೆ ಸಾಕ್ಷಿಯ ಪ್ರಬಂಧದ ಗಡುವು ತಲೆಯ ಮೇಲಿತ್ತು. ಆ ವಾರದೊಳಗೆ ಒಳ್ಳೆಯ ಚರ್ಮ ಸಿಗದಿದ್ದರೆ ಇಲಿಗಳನ್ನು ತರಿಸಿ ಅವುಗಳ ಚರ್ಮ ತೆಗೆಯುವುದು ಎಂದು ತೀರ್ಮಾನವಾಯಿತು. ಹುಡುಗಿ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

ಹೊರಗೆ ಮಳೆ ಹೊಡೆಯುತ್ತಿತ್ತು. ಮಲಪ್ರಭೆ ತುಂಬಿತ್ತು, ಗೋವೆಗೆ ಹೋಗುವ ಜಾಂಬೋಟಿಯ ದಾರಿ ಬಂದಾಗಿತ್ತು, ಇನಾಸನ ಅಂಗಡಿಗೆ ಗಿರಾಕಿಗಳಿರಲಿಲ್ಲ. ಶಾಂತಾಬಾಯಿ ಫೋನ್ ಹಚ್ಚಿದರು. ಈ ವಾರ ಕಡಿಯುತ್ತೀಯೇನು ಎಂದು ಕೇಳುವುದಷ್ಟೇ ಮನಸ್ಸಿನಲ್ಲಿತ್ತು. ಅವನು ಇಲ್ಲ ಎಂದಾಗ, "ಬೇಕಽ ಬೇಕಾಗಿತ್ತು ನೋಡ ತಮ್ಮಾ" ಎಂಬ ಮಾತು ಬಾಯಿಂದ ಹೊರಬಿತ್ತು.

ಮರುದಿನ ಬೆಳಿಗ್ಗೆ ಬಾ ಎಂದು ಇನಾಸನೇ ಕರೆದ. ಹೋದರೆ, ಅಂಗಡಿಯಲ್ಲಿ ಒಂದು ಇಡೀ ಹಂದಿ ಹಾಗೆಯೇ ತೂಗುತ್ತಿತ್ತು. ಕಿವಿಗಳು ಮಾತ್ರ ಇರಲಿಲ್ಲ. ಕೊಳ್ಳುವವರು ಯಾರೂ ಇರಲಿಲ್ಲ. ಅವು ಚೀಲದಲ್ಲಿ ಸಿದ್ಧವಿದ್ದವು, ನೀರು ಮುಟ್ಟಿರಲಿಲ್ಲ.

"ಯಾರಿಗೆ ಕಡದಿಯೋ?"

"ನಿನಗಽ ಮಾವಶಿ. ನೀ ಎಂದೂ ಏನೂ ಕೇಳಿದಾಕಿ ಅಲ್ಲ."

ಶಾಂತಾಬಾಯಿ ಡಬ್ಬಿಯನ್ನು ಕೆಳಗಿಟ್ಟು ರಸ್ತೆಯ ಬದಿಯಲ್ಲೇ ಕೂತರು. ಇನಾಸನಿಗೆ ತಾನೇನು ತಪ್ಪು ಮಾಡಿದೆನೆಂದು ತಿಳಿಯಲಿಲ್ಲ, ಚಹಾ ತರಿಸಿದ. ಕೊನೆಗೆ ಅವರು ಕಿವಿಗಳನ್ನು ತಂದರು. ತರದಿದ್ದರೆ ಆ ಜೀವ ಸುಮ್ಮನೇ ಹೋದಂತೆ, ಜೊತೆಗೆ ಇಲಿಗಳೂ. ಅಂದು ಬಿಡಿಸಿದಷ್ಟು ಹಸನಾದ ಚರ್ಮವನ್ನು ಎಂದೂ ಬಿಡಿಸಿರಲಿಲ್ಲ. ಬೆಳ್ಳಿ ಮೇಲಿನ ಪದರದಲ್ಲೇ ಸಿಕ್ಕಿಕೊಂಡು ನಿಂತಿತು, ಕೆಳಗಿನ ಉಪ್ಪುನೀರು ಪರೀಕ್ಷೆಯಲ್ಲಿ ಶುದ್ಧ ಎಂದು ಬಂತು. ಸಾಕ್ಷಿ ಬಾಯಿಯನ್ನು ಅಪ್ಪಿಕೊಂಡು ಕುಣಿದಳು. ಹಾಗೆ ಅವರನ್ನು ಯಾರಾದರೂ ಮುಟ್ಟಿ ಬಹಳ ಕಾಲವಾಗಿತ್ತು. ಅಂಥ ದಿನ ನಗಲೂ ಆಗಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ.

ಮುಂದಿನ ಸಲ ಹೋದಾಗ ಇನಾಸನಿಗೆ, ನನಗೆಂದು ಎಂದೂ ಕಡಿಯಬೇಡ ಎಂದು ಕೈಮುಗಿದು ಹೇಳಿದರು. ಅಂದಿನಿಂದ ಫೋನ್ ಇಲ್ಲ. ಕೆಲಸ ಬಿಟ್ಟುಬಿಡಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಆಫೀಸಿನ್ಯಾಗ ಬರ್ರಿ ಅಂತ ಪ್ರೊಫೆಸರರೂ ಅಂದ್ರು. ನಾ ಬಿಟ್ರ ನಾಳೆ ಇಲಿ ತರಸ್ತಾರ. ಆ ಪಾಪ ಯಾರ ಪಾಲಿಗೆ?"

ಈ ವರ್ಷ ಮನೆಯ ಹತ್ತಿರದ ಬಸದಿಯಲ್ಲಿ ಮಾತಾಜಿಯೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದಾರೆ. ಒಂದು ಮಧ್ಯಾಹ್ನ ಶಾಂತಾಬಾಯಿ ಹೋಗಿ, ದೂರದಲ್ಲೇ ಕೂತು, ಮೊಲದಿಂದ ಹಿಡಿದು ಫೋನಿನ ತನಕ ಎಲ್ಲವನ್ನೂ ಹೇಳಿಕೊಂಡರು. ಬಾಗಿಲಲ್ಲಿ ನಿಲ್ಲಬಹುದೇ ಎಂದು ಕೇಳಿದರು. ಮಾತಾಜಿ, "ಮೂರೂ ಮಾತು ನಿನ್ನವು. ಹೇಳಾಕ ಬರತಾವ ಅನಿಸಿದ ದಿವಸ ನಿಂದರವ್ವಾ" ಎಂದರಂತೆ. ಪ್ರಾಯಶ್ಚಿತ್ತಕ್ಕೆ ಜಪ ಹೇಳಿದರಂತೆ. ನಿಲ್ಲಬೇಡ ಎಂದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು ಎಂದು ಬಾಯಿಗೆ ಅನಿಸುತ್ತದೆ.

ಹೋದ ಭಾನುವಾರ ಕಾಂತಾ ಎರಡು ಸೀರೆ ಮಡಿ ಮಾಡಿ ಒಣಗಿಸಿದ್ದರು. ಒಂದನ್ನು ಏನೂ ಹೇಳದೆ ಶಾಂತಾಬಾಯಿಯ ಬಾಗಿಲ ಗೂಟಕ್ಕೆ ಹಾಕಿ ಹೋದರು. ಶಾಂತಾಬಾಯಿ ಸ್ನಾನ ಮಾಡಿ ಉಟ್ಟರು. ಎಷ್ಟೋ ವರ್ಷಗಳ ಮೇಲೆ ಇಬ್ಬರು ನೆಗೆಣ್ಣಿಯರು ಒಂದೇ ಬಾಗಿಲಲ್ಲಿ ಜೊತೆಗೆ ನಿಂತರು. ಓಣಿಯ ತಿರುವಿನಲ್ಲಿ ಮಾತಾಜಿಯ ಬಿಳಿ ಸೀರೆ ಕಾಣಿಸಿತು. ಕಾಂತಾ ಗಟ್ಟಿಯಾಗಿ ಕರೆಯತೊಡಗಿದರು. ಶಾಂತಾಬಾಯಿ ಬಾಯಿ ತೆರೆದರು. ಮೊದಲ ಮಾತಿನ ಮೊದಲ ಅಕ್ಷರ ಬಂತು, ಮುಂದಿನದು ಬರಲಿಲ್ಲ. ಅವರು ಮೆಲ್ಲನೆ ಹಿಂದೆ ಸರಿದು ತಮ್ಮ ಅರ್ಧಕ್ಕೆ ಹೋಗಿ ಗೋಡೆಗೆ ಒರಗಿ ಕೂತರು. ಮಾತಾಜಿ ಆ ದಿನ ಅದೇ ಬಾಗಿಲಲ್ಲಿ ನಿಂತರು. ಆಹಾರ ನಡೆದಷ್ಟು ಹೊತ್ತೂ ಗೋಡೆಯಾಚೆಯ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಕಾಯಶುದ್ಧಿಯ ಅಳುಕು ಇನ್ನೂ ಹೋಗಲಿಲ್ಲವೇ ಎಂದು ಕೇಳಿದರೆ ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ.

"ಅದಲ್ರಿ. ಮೈಯಿಂದು ಈಗ ಅಂಜಿಕಿಲ್ಲ. ತೊಗಲಿನ ಮ್ಯಾಲ ಬಿದ್ದದ್ದು ಒಳಗ ಹೋಗೂದಿಲ್ಲ, ಅದನ್ನ ದಿನಾ ಕಣ್ಣಿಲೆ ನೋಡತೇನಿ. ಇಷ್ಟು ವರ್ಷ ಸುಮ್ಮಸುಮ್ಮನ ಅದಕ್ಕ ಅಂಜಿ ದೂರ ಕುಂತೆ. ಅವತ್ತ ಫೋನಿನ್ಯಾಗ ಬೇಕಽ ಬೇಕು ಅಂದದ್ದು ಮನಸ ನೋಡ್ರಿ, ಕೈ ಅಲ್ಲ. ಅದಕ್ಕ ಮನಶುದ್ಧಿ ಅನ್ನೂ ಮೊದಲ ಮಾತಿಗೇ ನಾಲಿಗಿ ಏಳವಲ್ದು." ಅಂಗೈ ಮಡಚಿಕೊಳ್ಳುತ್ತಾರೆ. "ಸಾಯೂದ್ರಾಗ ಒಂದ ಸಲ ಬಾಗಲದಾಗ ನಿಂತು ಮೂರೂ ತಡವರಿಸದಂಗ ಹೇಳಬೇಕ್ರಿ. ಆಮ್ಯಾಲ ಮಾತಾಜಿ ನನ್ನ ಮುಂದ ನಿಂತ್ರೂ ಆತು, ನಿಲ್ಲದಽ ಹ್ವಾದ್ರೂ ಆತು."